ಊದು ಹಾಕಿದ ತೋಳ

ಕಳೆದ ವಾರ ನಮ್ಮ ಹೈಸ್ಕೂಲಿನ ಕಿಟಕಿಯ ಸರಳುಗಳಿಗೆ ಬಣ್ಣ ಹೊಡೆಯಲು ಜನ ಬಂದಿದ್ದರು. ನಾನು ಎಂಟನೇ ತರಗತಿಗೆ ಪದ್ಯ ಓದಿಸುತ್ತಿದ್ದೆ. ಹೊರಗೆ ಎಣ್ಣೆಬಣ್ಣದ ಡಬ್ಬದ ಮುಚ್ಚಳ ಎಬ್ಬಿಸಿದರು, ಅದಕ್ಕೆ ತಿನ್ನರ್ ಸುರಿದು ಕಡ್ಡಿಯಿಂದ ಕಲಕಿದರು. ಮಳೆ ಬಿಟ್ಟು ಬಿಸಿಲು ಬಿದ್ದಿದ್ದ ಮಧ್ಯಾಹ್ನ, ಅಂಗಳದಿಂದ ಹಬೆ ಏಳುತ್ತಿತ್ತು. ಆ ಹಬೆಯ ಜೊತೆ ಬಣ್ಣದ ವಾಸನೆ ಒಳಗೆ ಬಂದದ್ದೇ, ಉಂಡದ್ದೆಲ್ಲ ಗಂಟಲಿಗೆ ಬಂದಂತಾಗಿ ನಾನು ಪುಸ್ತಕ ಕೆಳಗಿಟ್ಟು ಹೊರಗೆ ಓಡಿದೆ. "ಟೀಚರಿಗೆ ಪಿತ್ತ ಆಗಿದೆ" ಎಂದು ಬಿಸಿಯೂಟದ ಲಲಿತಕ್ಕ ಮೂಸಲು ನಿಂಬೆಹಣ್ಣು ತಂದುಕೊಟ್ಟರು. ಪಿತ್ತವಲ್ಲ, ಅದು ತೋಳದ ವಾಸನೆ. ಹಾಗೆಂದು ಹೇಳಿದರೆ ಲಲಿತಕ್ಕ ನನ್ನನ್ನು ಬೇರೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾರು ಎಂದು ನಿಂಬೆಹಣ್ಣು ಮೂಸಿದೆ.

ಆ ತೋಳ ನಮ್ಮ ಮನೆಗೆ ಬಂದದ್ದು ಕೊರೊನಾ ಗಲಾಟೆಯೆಲ್ಲ ಮುಗಿದು ಊರಿನ ಸ್ಟೇಜುಗಳಿಗೆ ಮತ್ತೆ ಜೀವ ಬಂದಿದ್ದ ವರ್ಷ. ನವರಾತ್ರಿಯ ಹೊತ್ತಿಗೆ ನಮ್ಮ ಕಡೆ ನಾಟಕದ ಸೀಸನ್ ಶುರುವಾಗುತ್ತದೆ. ಮಳೆಗಾಲವಿಡೀ ಮನೆಯಲ್ಲಿ ಕೂತು ಬೂಸು ಹಿಡಿದ ಕಲಾವಿದರೆಲ್ಲ ಒಮ್ಮೆಲೇ ಹೊರಗೆ ಬರುತ್ತಾರೆ. ಆ ವರ್ಷ ಹೊರಗೆ ಬಂದವರಲ್ಲಿ ನನ್ನ ಗಂಡನೂ ಒಬ್ಬರು.

ಇವರ ಹೆಸರು ಜಯರಾಮ. ಬಿ.ಸಿ. ರೋಡಿನಲ್ಲಿ ಪಂಪಿನ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ. ಚಿಕ್ಕವರಿದ್ದಾಗ ಟೈಫಾಯ್ಡ್ ಬಂದು ಬದುಕುವುದು ಕಷ್ಟ ಎಂದಾದಾಗ ನಮ್ಮ ಅತ್ತೆ ಗಿರಿಜಮ್ಮ ಶಾರದೆಗೆ ಹುಲಿವೇಷದ ಹರಕೆ ಹೊತ್ತರಂತೆ. ಅಂದಿನಿಂದ ಪ್ರತಿ ನವರಾತ್ರಿಗೂ ಇವರು ಸೇಸಪ್ಪಣ್ಣನ ತಂಡದಲ್ಲಿ ಹುಲಿ. ಹುಲಿವೇಷವೆಂದರೆ ದೂರದವರಿಗೆ ಬರೀ ಕುಣಿತ, ತಾಸೆ ವಾದ್ಯದ ಪೆಟ್ಟು, ಫೋಟೋ. ಮನೆಯವರಿಗೆ ಅದು ಬೇರೆಯೇ. ಮೈಯ ಕೂದಲೆಲ್ಲ ಬೋಳಿಸಿ, ಗೋಡೆಗೆ ಹೊಡೆಯುವ ಎಣ್ಣೆಬಣ್ಣವನ್ನೇ ಚರ್ಮಕ್ಕೆ ಬಳಿದು, ಒಣಗುವ ಮೊದಲು ಅದರ ಮೇಲೆ ಸಣ್ಣಗೆ ಕತ್ತರಿಸಿದ ಕುರಿಯ ಉಣ್ಣೆ ಉದುರಿಸುತ್ತಾರೆ. ಒಣಗುವ ತನಕ ಎರಡೂ ಕೈಗಳಿಂದ ಮೇಲಿನ ಬಿದಿರಿನ ಗಳ ಹಿಡಿದು ನಿಂತೇ ಇರಬೇಕು. ಒಮ್ಮೆ ಬಣ್ಣ ಹಾಕಿದರೆ ಶಾರದೆಯ ಮೂರ್ತಿ ನೀರಿಗೆ ಹೋಗುವವರೆಗೆ ತೆಗೆಯುವ ಹಾಗಿಲ್ಲ. ಹರಕೆಯ ಹುಲಿ ಮಲಗಿದರೂ ಕೂತಲ್ಲೇ, ಬಾಳೆಲೆಯ ಮೇಲೆ.

ತೋಳದ ಹಿಂದಿನ ವರ್ಷ ಹುಲಿಯ ಬಣ್ಣ ತೆಗೆದ ಮೇಲೆ ಇವರ ಮೈಯೆಲ್ಲ ಬೊಬ್ಬೆ ಎದ್ದಿತ್ತು. ಡಾಕ್ಟರು ನನ್ನನ್ನು ಕರೆದು, "ಟೀಚರ್, ಇನ್ನೊಮ್ಮೆ ಈ ಬಣ್ಣ ಹಾಕಿದರೆ ನನ್ನ ಹತ್ತಿರ ತರಬೇಡಿ, ಸೀದಾ ಮಂಗಳೂರಿಗೆ ತೆಗೆದುಕೊಂಡು ಹೋಗಿ" ಎಂದಿದ್ದರು. ಅತ್ತೆ ಎರಡು ದಿನ ಮುಖ ದಪ್ಪ ಮಾಡಿಕೊಂಡರೂ ಕೊನೆಗೆ ಶಾರದೆಗೆ ಬೆಳ್ಳಿಯ ಪುಟ್ಟ ಹುಲಿಯೊಂದನ್ನು ಒಪ್ಪಿಸಿ, "ಇನ್ನು ಮಗನನ್ನು ಬಿಟ್ಟುಬಿಡು ತಾಯಿ" ಎಂದು ಕೈಮುಗಿದು ಬಂದಿದ್ದರು. ಅಲ್ಲಿಗೆ ಮುಗಿಯಿತು ಎಂದು ನಾನು ನೆಮ್ಮದಿಯಿಂದ ಇದ್ದೆ.

ಆಗ ಬಂದವನು ಚಿನ್ಮಯ. ಮೂಡುಬಿದಿರೆ ಕಡೆಯ ಹುಡುಗ, ಎಲ್ಲೋ ನಾಟಕದ ಶಾಲೆಯಲ್ಲಿ ಕಲಿತು ಬಂದಿದ್ದ. ಖಾದಿ ಜುಬ್ಬಾ, ಹೆಗಲಿಗೆ ಚೀಲ, ಮಾತಿಗೊಮ್ಮೆ "ಅದ್ಭುತ." ಅವನಿಗೆ ಆ ಸೀಸನ್ನಿಗೆ ಒಂದು ಭಯಾನಕ ನಾಟಕ ಮಾಡಬೇಕಿತ್ತು. ಹುಣ್ಣಿಮೆಯ ದಿನ ತೋಳವಾಗುವ ಮನುಷ್ಯನ ಕಥೆ. ಚಾರ್ಮಾಡಿ ಘಾಟಿಯ ಬುಡದಲ್ಲೊಂದು ಹಳೇ ಬಂಗಲೆ, ಅದರಲ್ಲಿ ಕರಿ ಸೀರೆಯ ವಿಧವೆ ತಾಯಿ, ಕಾಡಿನಲ್ಲಿ ಯಾವುದೋ ಪ್ರಾಣಿ ಕಚ್ಚಿದ ಮಗ. ಹುಣ್ಣಿಮೆಗೆ ತಾಯಿ ಅವನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಾಳೆ. ಕೊನೆಗೊಂದು ದಿನ ಬೆಳ್ಳಿಯ ಗುಂಡು ಹೊಡೆದು ಕೊಲ್ಲುತ್ತಾಳೆ. ನಮ್ಮಲ್ಲಿ ತೋಳವನ್ನು ಕಂಡವರೇ ಇಲ್ಲ ಎಂದು ನಾನು ಹೇಳಿದ್ದಕ್ಕೆ, "ಅದೇ ಮೇಡಂ, ಕಾಣದ್ದಕ್ಕೇ ಭಯ ಜಾಸ್ತಿ, ಅದ್ಭುತ" ಎಂದ.

ಅವನಿಗೆ ನಾಲ್ಕು ಕಾಲಿನಲ್ಲಿ ಓಡುವ, ಮೇಜಿನಿಂದ ಮೇಜಿಗೆ ಹಾರುವ ಮೈ ಬೇಕಿತ್ತು. ಇವರ ಹುಲಿಯನ್ನು ನೋಡಿದ್ದನಂತೆ. "ಹುಲಿಗೆ ಮಾತಿಲ್ಲ ಜಯಣ್ಣ. ನನ್ನ ತೋಳಕ್ಕೆ ಮಾತುಂಟು. ಅರ್ಧ ನಾಟಕ ನೀವು ಮನುಷ್ಯ. ನಿಮ್ಮ ಮುಖ ಜನ ನೋಡ್ತಾರೆ" ಎಂದ. ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೆ ತಾಗಿತು. ಇಷ್ಟು ವರ್ಷ ಕುಣಿದರೂ ಇವರ ಮುಖ ಯಾರಿಗೂ ಗೊತ್ತಿರಲಿಲ್ಲ. ಮುಖವಾಡದೊಳಗಿದ್ದವರು ಯಾರೆಂದು ಕೇಳಿದವರೂ ಇಲ್ಲ.

"ಬಣ್ಣ?" ಎಂದೆ ನಾನು.

"ಸ್ಟೇಜ್ ಮೇಕಪ್ ಮೇಡಂ, ನೀರಿನಲ್ಲಿ ಹೋಗ್ತದೆ. ಮೇಲಿನಿಂದ ಬೆಂಗಳೂರಿನಿಂದ ಬಾಡಿಗೆಗೆ ತರುವ ಕೂದಲಿನ ಡ್ರೆಸ್. ಚರ್ಮಕ್ಕೆ ಏನೂ ಆಗುವುದಿಲ್ಲ, ನಾನು ಗ್ಯಾರಂಟಿ."

ಇವರು ನನ್ನ ಮುಖ ನೋಡಿದರು. ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತಿ ಸುತ್ತಿ ಬಗ್ಗಿದ ಬೆನ್ನು ನೆಟ್ಟಗಾಗಿತ್ತು. ಆಗಲಿ ಎಂದೆ.

ನಾನು ಕನ್ನಡ ಟೀಚರೆಂದು ನಾಟಕದ ಪ್ರತಿ ತಿದ್ದಲು ನನ್ನ ಕೈಗೇ ಬಂತು. ಓದಿ ತಲೆ ಕೆಟ್ಟಿತು. "ಓ ರಜತಚಂದ್ರಿಕೆಯೇ, ನನ್ನ ರಕ್ತನಾಳಗಳಲ್ಲಿ ಅರಣ್ಯದ ಆಹ್ವಾನವು ಅನುರಣಿಸುತ್ತಿದೆ" ಎಂದು ತೋಳವಾಗುವ ಮುಂಚೆ ಆ ಮಗ ಹೇಳಬೇಕು. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಚಂದ್ರ ಮುಳುಗಿರುತ್ತಾನೆ. ಪುಟಕ್ಕೆ ನಾಲ್ಕು ಸಲ ರಕ್ತ, ಎರಡು ಸಲ ಬಾವಲಿ. ತಾಯಿಗೆ ಒಂದು ಕಡೆಯೂ ಮಗನಿಗೆ ಊಟವಾಯಿತಾ ಎಂದು ಕೇಳುವ ಪುರುಸೊತ್ತಿಲ್ಲ. ನಾನು ಕೆಂಪು ಪೆನ್ನು ಹಿಡಿದು ಆಗುವಷ್ಟು ಕೊಯ್ದೆ. ಚಂದ್ರಿಕೆಯ ಮಾತು ತೆಗೆದು, "ಅಮ್ಮಾ, ಬಾಗಿಲು ಹಾಕಿಕೋ. ನಾನು ಕರೆದರೂ ತೆಗೆಯಬೇಡ" ಎಂದು ಬರೆದೆ. ಚಿನ್ಮಯನಿಗೆ ಅದು ಸಪ್ಪೆ ಅನ್ನಿಸಿತು. ಇವರಿಗೆ ಮಾತ್ರ ಅದೊಂದೇ ಬಾಯಿಪಾಠವಾಯಿತು.

ತಾಲೀಮು ವಾಮದಪದವಿನ ಒಂದು ಹಳೇ ಸಭಾಂಗಣದಲ್ಲಿ. ಸಂಜೆಯಾದರೆ ಗುಡುಗು ಮಳೆ, ಕರೆಂಟು ಹೋಗುವುದು, ಬಾಗಿಲು ಹಾಕಿದ ಸಭಾಂಗಣದಲ್ಲಿ ಹೊಗೆಯಂತ್ರದ ಹೊಗೆ. ಅದಕ್ಕೆ ಅವರು ಮಲ್ಲಿಗೆಯ ಪರಿಮಳದ ದ್ರವ ಹಾಕಿದ್ದರು. ಮಲ್ಲಿಗೆ, ಬೆವರು, ಒದ್ದೆ ಗೋಣಿ ಎಲ್ಲ ಸೇರಿ ಹಳೇ ಮದುವೆ ಮನೆಯ ಕಸದ ವಾಸನೆ. ನಾಟಕದ ಹಿಂದಿನ ವಾರ ಬೆಂಗಳೂರಿನ ಡ್ರೆಸ್ ಬಂತು. ಪೆಟ್ಟಿಗೆ ತೆರೆದದ್ದೇ ಎಲ್ಲರೂ ಮೂಗು ಮುಚ್ಚಿಕೊಂಡು ಹಿಂದೆ ಸರಿದೆವು. ಯಾರ್ಯಾರೋ ಹಾಕಿ ಬೆವರಿ ಒಗೆಯದೆ ಮಡಚಿಟ್ಟದ್ದು. ಕಂಕುಳಲ್ಲಿ ಹಸುರು ಬೂಸು, ಬಾಲದ ಬುಡದಲ್ಲಿ ಜಿರಳೆಯ ಮೊಟ್ಟೆ. "ಇಸ್ಸೀ, ಇದನ್ನು ಮನುಷ್ಯರು ಹಾಕ್ತಾರಾ?" ಎಂದು ಇವರೇ ಹೇಳಿದರು. ನೀರಿನ ಬಣ್ಣ ಹಾಕಿ ನೋಡಿದರೆ ಒಂದು ಹಾರಾಟಕ್ಕೇ ಇಳಿದು, ತೋಳ ಹೋಗಿ ಕೆಸರಿನಲ್ಲಿ ಬಿದ್ದ ಮನುಷ್ಯ ಕಂಡ.

ಚಿನ್ಮಯ ಗಡ್ಡ ಕೆರೆದುಕೊಂಡು, "ಜಯಣ್ಣ, ಹುಲಿಯ ಬಣ್ಣ ಮಾಡುವವರನ್ನೇ ಕೇಳುವಾ?" ಎಂದ.

ನಾನು ಎದ್ದು ನಿಂತು ಡಾಕ್ಟರು ಹೇಳಿದ್ದನ್ನು ಎಲ್ಲರ ಎದುರು ಹೇಳಿದೆ. ಇವರು ತಲೆ ತಗ್ಗಿಸಿ, "ಒಂದು ಸಲ, ವಿಮಲಾ. ಇದೊಂದು ಸಲ. ನಾಟಕ ಆದ ಕೂಡಲೇ ತೆಗೆಯುವುದು" ಎಂದರು. ಮಾತು ಬರುವ ಪಾತ್ರ ಕೈಗೆ ಸಿಕ್ಕಿ ಜಾರುವುದನ್ನು ಕಂಡ ಮನುಷ್ಯನ ಮುಖ ಹೇಗಿರುತ್ತದೆಂದು ಆಗ ನೋಡಿದೆ. ನಾಟಕ ಆದ ಕೂಡಲೇ ತೆಗೆಯುವುದು ಎಂಬ ಮಾತಿಗೆ ನಾನೂ ಒಪ್ಪಿದೆ.

ಸೇಸಪ್ಪಣ್ಣ ಬಂದರು. ಹುಲಿತಂಡದ ಯಜಮಾನರೂ ಅವರೇ, ಬಣ್ಣ ಬರೆಯುವವರೂ ಅವರೇ. ಎಲ್ಲ ಕೇಳಿ ಅವರು ಹೇಳಿದ್ದು ಒಂದೇ. "ಊದು ಹಾಕದೆ ಬಣ್ಣದ ಡಬ್ಬಿ ಮುಟ್ಟುವ ಕ್ರಮ ನನ್ನಲ್ಲಿ ಇಲ್ಲ."

ಊದು ಎಂದರೆ ಬಣ್ಣ ಹಾಕುವ ಮುಂಚೆ ಮಾಡುವ ಪೂಜೆ. ದೇವಿಯ ಪಟದ ಎದುರು ಬಣ್ಣ, ಕುಂಚ, ವೇಷದ ಸಾಮಾನೆಲ್ಲ ಇಟ್ಟು ಲೋಬಾನದ ಹೊಗೆ ಹಾಕುತ್ತಾರೆ. ವೇಷ ಹಾಕುವವನ ಮೈ ಅಲ್ಲಿಂದ ದೇವಿಯದು. ನಾಟಕದ ತೋಳಕ್ಕೆ ಊದು ಹಾಕುವುದುಂಟೇ ಎಂದು ಯಾರಾದರೂ ಕೇಳಬೇಕಿತ್ತು. ಸೇಸಪ್ಪಣ್ಣನಿಗೆ ಕ್ರಮ ತಪ್ಪಬಾರದು, ಅತ್ತೆಗೆ ಮಗನಿಗೆ ಒಳ್ಳೆಯದಾಗಬೇಕು, ಚಿನ್ಮಯನಿಗೆ ಅದೆಲ್ಲ ಅದ್ಭುತ. ಅವನು ಮೊಬೈಲು ಹಿಡಿದು ಹೊಗೆಯ ಸುತ್ತ ತಿರುಗಿ ವೀಡಿಯೋ ಮಾಡಿದ. ಸೇಸಪ್ಪಣ್ಣ ತೆಂಗಿನಕಾಯಿ ಒಡೆದು, "ಅಕ್ಕ, ನೀವು ಹೇಳಿ" ಎಂದರು. ಅತ್ತೆ ಮಗನ ತಲೆಯ ಮೇಲೆ ಕೈಯಿಟ್ಟು, ಇಷ್ಟು ವರ್ಷ ಹೇಳಿದ್ದನ್ನೇ ಒಂದಕ್ಷರ ಬಿಡದೆ ಹೇಳಿದರು. "ಅಮ್ಮಾ, ನೀನು ನೀರಿಗೆ ಇಳಿಯುವವರೆಗೆ ಈ ಮೈ ನಿನ್ನದು. ಅಲ್ಲಿಯವರೆಗೆ ಬಣ್ಣ ತೆಗೆಯುವುದಿಲ್ಲ."

ಬಾಯಿಗೆ ರೂಢಿಯಾದ ಮಾತು, ಬಂದುಬಿಟ್ಟಿತು. ಹುಲಿಗೆ ಹೇಳುವುದನ್ನು ತೋಳಕ್ಕೆ ಹೇಳಿದೆನೆಂದು ಅವರಿಗೂ ಹೊಳೆಯಲಿಲ್ಲ. ನಾಟಕ ಮುಗಿಯುವುದಕ್ಕೂ ಶಾರದೆ ನೇತ್ರಾವತಿಗೆ ಇಳಿಯುವುದಕ್ಕೂ ನಡುವೆ ಎಷ್ಟೋ ದಿನ ಉಂಟೆಂದು ನನಗೆ ಹೊಳೆಯಿತು. ಅತ್ತೆಯ ಕಣ್ಣಲ್ಲಿ ನೀರಿತ್ತು, ಗಂಟೆ ಮೊಳಗುತ್ತಿತ್ತು. ನಾನು ಇವರ ಕಡೆ ನೋಡಿದೆ. ಇವರು ಕಣ್ಣು ಮುಚ್ಚಿ ನಿಂತಿದ್ದರು.

ಬಣ್ಣವಾಯಿತು. ಕಪ್ಪು, ಬೂದು, ಹೊಟ್ಟೆಯ ಮೇಲೆ ಕೊಳೆ ಬಿಳಿ, ಎಲ್ಲದರ ಮೇಲೆ ಉಣ್ಣೆ. ಕುತ್ತಿಗೆಯಿಂದ ಕೆಳಗೆ ಪೂರ್ತಿ ಪ್ರಾಣಿ, ಮೇಲೆ ನನ್ನ ಗಂಡನ ಮುಖ. ಮೊದಲ ಅರ್ಧಕ್ಕೆ ಅದರ ಮೇಲೆ ಕೋಟು ಹಾಕುವುದು, ಆಮೇಲೆ ಹರಿದು ಬಿಸಾಡುವುದು. ನೋಡಲು ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ನನಗೆ ಆ ಮುಖ ಮತ್ತು ಆ ಮೈ ಸೇರುವ ಕುತ್ತಿಗೆಯ ಗೆರೆಯನ್ನು ನೋಡಲಾಗಲಿಲ್ಲ.

ಸಾಲಾಗಿ ಮೂರು ದಿನ ಮೂರು ಕಡೆ ನಾಟಕ, ಅಷ್ಟೂ ದಿನ ಅದೇ ಬಣ್ಣ. ಮೊದಲ ಪ್ರಯೋಗ ಬಿ.ಸಿ. ರೋಡಿನಲ್ಲಿ. ಕೋಟು ಹರಿದು ತೋಳ ಹೊರಗೆ ಬಂದದ್ದೇ ಮುಂದೆ ಕೂತ ಮಕ್ಕಳು "ಕುದ್ಕೆ! ಕುದ್ಕೆ!" ಎಂದು ಕೂಗಿದವು. ತುಳುವಿನಲ್ಲಿ ಕುದ್ಕೆಯೆಂದರೆ ನರಿ. ತೋಳ ಕಾಣದ ಮಕ್ಕಳು ಮತ್ತೇನು ಹೇಳಿಯಾವು? ಬಾವಲಿಯ ಸದ್ದಿಗೆ ಹೆಂಗಸರು ನಕ್ಕರು. ಚಿನ್ಮಯ ಸೈಡಿನಲ್ಲಿ ನಿಂತು ಪ್ರೇಕ್ಷಕರಿಗೆ ಸಂಸ್ಕಾರವಿಲ್ಲವೆಂದು ಬೈದ.

ಎರಡನೆಯದು ಬೆಳ್ತಂಗಡಿಯ ಒಂದು ಉತ್ಸವದ ಪೆಂಡಾಲಿನಲ್ಲಿ. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ. ಇವರು ನೆಲದಲ್ಲಿ ಹೊರಳಿ ತೋಳವಾಗುತ್ತಿದ್ದ ಹೊತ್ತಿಗೆ ಮುಖ್ಯ ಅತಿಥಿಗಳು ಬಂದರು. ನಮ್ಮ ಕಡೆ ಮುಖ್ಯ ಅತಿಥಿ ಬಂದರೆ ದೇವರು ಬಂದರೂ ಕಾಯಬೇಕು. ಲೈಟು ಹಾಕಿದರು, ಹೊಗೆ ನಿಲ್ಲಿಸಿದರು, ನೆಲಮಾಳಿಗೆಯ ಎದುರು ಕುರ್ಚಿ ಸಾಲಾಗಿ ಇಟ್ಟರು. ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ. ಆಮೇಲೆ ಸಮಿತಿಯವರಿಗೆ ಏನನ್ನಿಸಿತೋ, "ನಮ್ಮ ಊರಿನ ಪ್ರತಿಭೆ" ಎಂದು ಅರ್ಧ ತೋಳವನ್ನೇ ಕುರ್ಚಿಯಲ್ಲಿ ಕೂರಿಸಿ ಸನ್ಮಾನ ಮಾಡಿದರು. ಹಸಿ ಉಣ್ಣೆಯ ಮೇಲೆ ಶಾಲು, ಕೊರಳಿಗೆ ಚೆಂಡುಹೂವಿನ ಹಾರ, ತೊಡೆಯ ಮೇಲೆ ಹಣ್ಣಿನ ಬುಟ್ಟಿ. ಇವರು ಎದುರಿಗೆ ನೋಡುತ್ತಾ ಕೂತಿದ್ದರು. ಕುತ್ತಿಗೆಯ ಗೆರೆಯಲ್ಲಿ ಕೆಂಪಗೆ ದದ್ದು ಎದ್ದದ್ದು ನನಗೆ ಸಭೆಯಿಂದಲೇ ಕಂಡಿತು. ಭಾಷಣ ಮಾಡುತ್ತಿದ್ದವರು ಕಲೆ ಉಳಿಸಬೇಕೆಂದು ಹೇಳುತ್ತಿದ್ದರು. ನನಗೆ ಆ ಮೈಕನ್ನು ಕಿತ್ತು ಅವರ ಬಾಯಿಗೇ ತುರುಕಬೇಕೆನ್ನಿಸಿತು.

ಮೂಡುಬಿದಿರೆಯದು ಮೂರನೆಯದು. ಅಲ್ಲಿ ಒಳ್ಳೆಯ ಸಭಾಂಗಣ, ಒಳ್ಳೆಯ ಲೈಟು, ಸುಮ್ಮನೆ ಕೂತು ನೋಡುವ ಜನ. ಸತ್ಯ ಹೇಳಬೇಕು. ಆ ದಿನ ಇವರು ಚೆನ್ನಾಗಿ ಮಾಡಿದರು. ಕೋಟಿನ ಗುಂಡಿ ಬಿಚ್ಚುತ್ತಾ, ಬಾಗಿಲಿನ ಆಚೆಗಿರುವ ತಾಯಿಗೆ, "ಅಮ್ಮಾ, ಬಾಗಿಲು ಹಾಕಿಕೋ. ನಾನು ಕರೆದರೂ ತೆಗೆಯಬೇಡ" ಎಂದು ಮೆಲ್ಲಗೆ ಹೇಳಿದರು. ಸಭೆಯಲ್ಲಿ ಒಂದು ಕೆಮ್ಮಿನ ಸದ್ದೂ ಇಲ್ಲ. ಪಕ್ಕದಲ್ಲಿದ್ದ ಅತ್ತೆ ನನ್ನ ಕೈ ಹಿಡಿದುಕೊಂಡರು. ಇಷ್ಟು ವರ್ಷ ಮುಖವಾಡದೊಳಗೆ ಈ ಸ್ವರ ಇತ್ತೇ ಎಂದು ನನಗೆ ಹೆಮ್ಮೆಯಾಯಿತು, ಅಳುವೂ ಬಂತು. ಚಪ್ಪಾಳೆ ಬಿದ್ದಾಗ ಇವರು ಮೈ ಕೆರೆದುಕೊಳ್ಳದಿರಲು ಎರಡೂ ಕೈ ಮುಷ್ಟಿ ಮಾಡಿ ನಿಂತಿದ್ದರು.

ಮಾರನೆಯ ದಿನ ಚಿನ್ಮಯ ಸೆಟ್ಟನ್ನೆಲ್ಲ ಟೆಂಪೋಗೆ ಹೇರಿಸಿ ಹೋದ. ನಮ್ಮ ಮನೆಯ ಚಾವಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಬಾಳೆಲೆ, ಬಾಳೆಲೆಯ ಮೇಲೆ ತೋಳ ಉಳಿಯಿತು.

ನಾನು ಎಣ್ಣೆಯ ಬಾಟ್ಲಿ ತಂದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಊದು ಹಾಕಿ ಆಗಿದೆ ವಿಮಲಾ. ಅಮ್ಮ ನೀರಿಗೆ ಇಳಿಯದೆ ಮುಟ್ಟುವ ಹಾಗಿಲ್ಲ."

"ಅತ್ತೆ, ಇದು ಹರಕೆಯ ಹುಲಿಯಲ್ಲ. ನಾಟಕದ ವೇಷ."

"ಬಾಯಿಂದ ಬಿದ್ದ ಮಾತು ನಾಟಕವಾ? ಒಮ್ಮೆ ಅವಳು ಉಳಿಸಿಕೊಟ್ಟ ಮಗ. ಅವಳ ಹತ್ತಿರ ಸುಳ್ಳು ಹೇಳ್ಲಿಕ್ಕುಂಟಾ?"

ಇವರು ಬಾಳೆಲೆ ಸರಿಮಾಡಿಕೊಂಡು ಅಲ್ಲೇ ಕೂತರು. ತಾಯಿಯ ಮಾತನ್ನು ಎಂದೂ ಮೀರಿದವರಲ್ಲ.

ಆ ದಿನಗಳ ಸೆಕೆಯೋ ಸೆಕೆ. ಬೆಳಿಗ್ಗೆ ಉರಿಬಿಸಿಲು, ಸಂಜೆ ಮಳೆ. ಉಣ್ಣೆ ಬೆವರು ಕುಡಿದು ಉಬ್ಬಿತು. ಬಣ್ಣ ಮೊಣಕೈ, ಮಂಡಿಗಳಲ್ಲಿ ಒಡೆದು, ಒಡೆದಲ್ಲಿಂದ ನೀರು ಒಸರಲು ಶುರುವಾಯಿತು. ನೊಣ ಬಂತು. ತಿನ್ನರಿನ ವಾಸನೆ, ಒದ್ದೆ ಕುರಿಯ ವಾಸನೆ, ಅದರ ಕೆಳಗಿನಿಂದ ಬೇರೊಂದು ಸಿಹಿಸಿಹಿ ವಾಸನೆ. ಅನ್ನ ಕಲಸಿದರೆ ಬೆರಳಿನಲ್ಲಿ ಅದೇ ವಾಸನೆ. ತಟ್ಟೆ ಕೊಡಲು ಹೋಗುವಾಗ ನಾನು ಉಸಿರು ಹಿಡಿದುಕೊಂಡು ಹೋಗುತ್ತಿದ್ದೆ. ನನ್ನ ಸ್ವಂತ ಗಂಡ, ಮದುವೆಯಾಗಿ ಇಷ್ಟು ವರ್ಷ ಒಂದೇ ತಟ್ಟೆಯಲ್ಲಿ ಉಂಡವರು. ಹತ್ತಿರ ಹೋದರೆ ವಾಕರಿಕೆ ಬರುತ್ತಿತ್ತು. ಇವರಿಗೆ ಅದು ಗೊತ್ತಾಗಿ, "ತಟ್ಟೆ ಅಲ್ಲೇ ಇಡು, ನಾನು ತಕ್ಕೊಳ್ತೇನೆ" ಎನ್ನುತ್ತಿದ್ದರು. ಆ ಮಾತು ಕೇಳಿದರೆ ನನಗೆ ಇನ್ನಷ್ಟು ಸಿಟ್ಟು. ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು.

ಚಿನ್ಮಯನಿಗೆ ಫೋನು ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡು, "ಮೇಡಂ, ಅದು ನಿಮ್ಮ ನಂಬಿಕೆಯ ವಿಷಯ. ನಾನು ಹೇಗೆ ಮಧ್ಯ ಬರುವುದು? ನನಗೆ ನಿಮ್ಮ ಸಂಸ್ಕೃತಿಯ ಬಗ್ಗೆ ತುಂಬಾ ಗೌರವ ಉಂಟು" ಎಂದ. ಚರ್ಮ ಬೇಕಾದಾಗ ಬಂದವನಿಗೆ ಚರ್ಮ ಸುಲಿಯುವಾಗ ಗೌರವ! ಥೂ ಎಂದು ಫೋನಿಟ್ಟೆ. ಅದೇ ಸಂಜೆ ಅವನು ಊದಿನ ವೀಡಿಯೋವನ್ನು ಹಿನ್ನೆಲೆಗೆ ಕೊಳಲಿನ ಸಂಗೀತ ಸೇರಿಸಿ ಎಲ್ಲರಿಗೂ ಹಂಚಿದ್ದ. ನಮ್ಮ ಸ್ಟಾಫ್ ರೂಮಿನವರಿಗೂ ಬಂದಿತ್ತು. "ಎಷ್ಟು ಚಂದ ಟೀಚರ್" ಎಂದರು.

ಸೇಸಪ್ಪಣ್ಣನ ಮನೆಗೆ ಹೋದೆ. ಅಂಗಳದಲ್ಲಿ ಅವರ ಹುಲಿಗಳಿಗೆ ಬಣ್ಣ ನಡೆಯುತ್ತಿತ್ತು. ಹೇಗೂ ಮೈಯಲ್ಲಿ ಬಣ್ಣ ಉಂಟು, ಇವರನ್ನೂ ಅಮ್ಮನ ಎದುರು ಒಮ್ಮೆ ಕುಣಿಸಿ ಹರಕೆ ಬೇಗ ಮುಗಿಸಿಬಿಡಿ, ಇಲ್ಲವಾದರೆ ನೀವೇ ಬಂದು ಬಣ್ಣ ತೆಗೆಯಲು ಒಪ್ಪಿಗೆ ಕೊಡಿ ಎಂದು ಕೇಳಿದೆ.

ಸೇಸಪ್ಪಣ್ಣ ಕುಂಚ ಕೆಳಗಿಡಲಿಲ್ಲ. "ಟೀಚರೇ, ಹುಲಿ ಅಮ್ಮನ ವಾಹನ. ಇದು ಎಂತದು? ನಾಯಿಯ ಜಾತಿ. ಅಮ್ಮನ ಎದುರು ನಾಯಿ ಕುಣಿಸಿದರೆ ಊರಿನವರು ನನ್ನನ್ನು ಬಿಡ್ಲಿಕ್ಕುಂಟಾ?"

ಶಾರದೆಯ ವಾಹನ ಹಂಸ ಎಂಬುದು ನನ್ನ ನಾಲಗೆಯ ತುದಿಯಲ್ಲಿತ್ತು. "ಮತ್ತೆ ಅದಕ್ಕೆ ಊದು ಹಾಕಿದ್ದು ಯಾಕೆ ಅಣ್ಣ?"

"ಊದು ನಾನು ಬಣ್ಣಕ್ಕೆ ಹಾಕಿದ್ದು. ಮಾತು ಕೊಟ್ಟದ್ದು ಗಿರಿಜಕ್ಕ. ಬಿಡಿಸುವುದಾದರೆ ಅವರೇ ಬಿಡಿಸಬೇಕು, ನಾನಲ್ಲ."

ಎಲ್ಲರೂ ಕೈ ತೊಳೆದುಕೊಂಡಿದ್ದರು. ತೊಳೆಯಲಾಗದಿದ್ದದ್ದು ಒಬ್ಬರಿಗೆ ಮಾತ್ರ. ಮನೆಗೆ ಬರುವ ದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ಎಲ್ಲರನ್ನೂ ಸಾಲಾಗಿ ಬೈದೆ. ನಾಟಕವನ್ನು, ಊದನ್ನು, ಕಲೆಯನ್ನು, ಕ್ರಮವನ್ನು, ಆ ಹಣ್ಣಿನ ಬುಟ್ಟಿಯನ್ನು.

ವಿಸರ್ಜನೆಗೆ ಇನ್ನೂ ಒಂದು ದಿನವಿದ್ದಾಗ ಬೆಳಿಗ್ಗೆ ಇವರಿಗೆ ಜ್ವರ ಏರಿತು. ಚಾವಡಿಗೆ ಹೋದರೆ ಕುರ್ಚಿಯಲ್ಲೇ ಒಂದು ಬದಿಗೆ ವಾಲಿದ್ದರು, ಹಲ್ಲು ಕಟಕಟ. ಬೆನ್ನು ಕುರ್ಚಿಗೆ ಅಂಟಿಕೊಂಡಿತ್ತು. ಡಾಕ್ಟರಿಗೆ ಫೋನು ಮಾಡಿದೆ. ಅವರು ನನ್ನ ಮಾತು ಮುಗಿಯಲೂ ಬಿಡಲಿಲ್ಲ. "ಚರ್ಮಕ್ಕೆ ಉಸಿರಾಡಲು ಜಾಗವಿಲ್ಲ ಟೀಚರ್. ಈಗಿಂದೀಗಲೇ ತೆಂಗಿನೆಣ್ಣೆ ಹಾಕಿ ಬಣ್ಣ ತೆಗೆಯಿರಿ. ತಿನ್ನರ್, ಸೀಮೆಎಣ್ಣೆ ಮುಟ್ಟಿಸಬೇಡಿ. ತೆಗೆದ ಕೂಡಲೇ ಮಂಗಳೂರಿಗೆ ಕರೆದುಕೊಂಡು ಹೋಗಿ. ನಾಳೆಯವರೆಗೆ ಕಾದರೆ ವಿಷ ರಕ್ತಕ್ಕೆ ಹೋಗ್ತದೆ."

ಅತ್ತೆ ತುಳಸಿಕಟ್ಟೆಯ ಹತ್ತಿರ ಹೂ ಕೊಯ್ಯುತ್ತಿದ್ದರು. ಸ್ನಾನ ಮಾಡಿ, ಒದ್ದೆ ಕೂದಲು ಗಂಟು ಹಾಕಿ, ಶಾರದೆಯ ಪೂಜೆಗೆ ಹೊರಡುವ ತಯಾರಿ. ಮೈಲಿಗೆಯಾಗುತ್ತದೆಂದು ಮೂರು ದಿನದಿಂದ ಅವರು ಚಾವಡಿಯ ಆ ಬದಿಗೆ ಹಾಯ್ದಿರಲಿಲ್ಲ. ದೂರದಿಂದಲೇ "ಸಹಿಸಿಕೋ ಮಗ" ಎನ್ನುತ್ತಿದ್ದರು. ನಾನು ಡಾಕ್ಟರು ಹೇಳಿದ್ದನ್ನು ಹೇಳಿದೆ.

"ಒಂದು ದಿನ ಅಲ್ವಾ ವಿಮಲಾ. ನಾಳೆ ಸಂಜೆ ಅಮ್ಮ ಇಳಿದಾಗುತ್ತದೆ."

"ನಾಳೆ ಸಂಜೆಗೆ ಇವರು ಇರ್ತಾರಾ ಅಂತ ನೋಡಿ ಬನ್ನಿ ಅತ್ತೆ. ಹತ್ತಿರ ಹೋಗಿ ನೋಡಿ. ಮಾತು ಕೊಟ್ಟದ್ದು ನೀವು. ನಾನು ಕೊಟ್ಟದ್ದಲ್ಲ, ಇವರು ಕೊಟ್ಟದ್ದೂ ಅಲ್ಲ. ನೀವು ಅವಳ ಹತ್ತಿರ ಕೇಳದಿದ್ದರೆ ನಾನು ಕೇಳದೆಯೇ ತೆಗೆಯುತ್ತೇನೆ. ಆಮೇಲೆ ಏನಾಗುವುದಿದ್ದರೂ ನನಗೇ ಆಗಲಿ."

ಅತ್ತೆಯ ಎದುರು ನಾನು ಅಷ್ಟು ದೊಡ್ಡ ಸ್ವರದಲ್ಲಿ ಮಾತನಾಡಿದ್ದು ಅದೇ ಮೊದಲು. ಅವರು ಹೂವಿನ ಬುಟ್ಟಿ ಹಿಡಿದುಕೊಂಡೇ ಚಾವಡಿಗೆ ಬಂದರು. ಹತ್ತಿರ ಬಂದು ಸೆರಗಿನಿಂದ ಮೂಗು ಮುಚ್ಚಿಕೊಂಡರು. ಒಮ್ಮೆ ನೋಡಿದರು. ಬುಟ್ಟಿಯನ್ನು ಅಲ್ಲೇ ನೆಲಕ್ಕಿಟ್ಟು ಚಪ್ಪಲಿ ಹಾಕಿಕೊಂಡು ಅಂಗಳ ದಾಟಿ ಹೋದರು. ಎಲ್ಲಿಗೆ ಎಂದು ಹೇಳಲಿಲ್ಲ.

ನಾನು ಕಾಯಲಿಲ್ಲ. ಇವರನ್ನು ಹೆಗಲು ಕೊಟ್ಟು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದು ಮಣೆಯ ಮೇಲೆ ಕೂರಿಸಿದೆ. ಕುರ್ಚಿಯಿಂದ ಬೆನ್ನು ಬಿಡಿಸುವಾಗ ಬಂದ ಸದ್ದನ್ನು ಇಲ್ಲಿ ಬರೆಯುವುದಿಲ್ಲ. ತೆಂಗಿನೆಣ್ಣೆಯ ಕ್ಯಾನು ಪೂರ್ತಿ ತಂದಿಟ್ಟುಕೊಂಡೆ. ಎಣ್ಣೆ ಸುರಿದು, ನೆನೆಯಲು ಬಿಟ್ಟು, ಹಳೇ ಪಂಚೆಯ ತುಂಡಿನಿಂದ ಒರೆಸಿದೆ. ಉಣ್ಣೆ ಮುದ್ದೆಮುದ್ದೆಯಾಗಿ ಕೈಗೆ ಬಂತು. ಅದರ ಜೊತೆ ಬಣ್ಣದ ಹಕ್ಕಳೆ, ಹಕ್ಕಳೆಯ ಹಿಂದೆ ಚರ್ಮದ ಸಿಪ್ಪೆ, ಕೀವು. ಎರಡು ಸಲ ಹೊರಗೆ ಹೋಗಿ ವಾಂತಿ ಮಾಡಿ ಬಂದೆ. ಬಂದು ಮತ್ತೆ ಕೂತೆ. ಇವರು ಹಲ್ಲು ಕಚ್ಚಿಕೊಂಡಿದ್ದರು. ಒಮ್ಮೆ ಮಾತ್ರ, "ನಿನಗೆ ಹೇಸಿಗೆ ಆಗ್ತದಲ್ವಾ?" ಎಂದು ಕೇಳಿದರು.

"ಆಗ್ತದೆ" ಎಂದೆ. "ಸುಮ್ಮನೆ ಕೂತುಕೊಳ್ಳಿ ಮಾರಾಯ್ರೇ."

ಒಂದು ಕೈ, ಎದೆ, ಹೊಟ್ಟೆ ಆಗುವಷ್ಟರಲ್ಲಿ ಬಚ್ಚಲಿನ ನೀರೆಲ್ಲ ಕಪ್ಪಾಗಿ ಹರಿಯುತ್ತಿತ್ತು. ಬಣ್ಣದ ಕೆಳಗಿನಿಂದ ಬಂದದ್ದು ಹಸಿ ಮಾಂಸದ ಹಾಗೆ ಕೆಂಪಗಿದ್ದ ಎದೆ. ಆದರೂ ಅದು ನನಗೆ ಗುರುತಿದ್ದ ಎದೆ, ಬಲಬದಿಯಲ್ಲಿ ಮಚ್ಚೆ ಇದ್ದದ್ದು. ಅದನ್ನು ಕಂಡ ಮೇಲೆ ನನಗೆ ವಾಂತಿ ಬರಲಿಲ್ಲ.

ಗೇಟಿನ ಸದ್ದಾಯಿತು. ಅತ್ತೆ ಬಿಸಿಲಿನಲ್ಲಿ ನಡೆದು ಬಂದಿದ್ದರು, ಮುಖ ಕೆಂಪಾಗಿತ್ತು. ಬಚ್ಚಲಿನ ಬಾಗಿಲಲ್ಲಿ ನಿಂತು ಒಳಗೆ ನಡೆಯುತ್ತಿದ್ದದ್ದನ್ನು ನೋಡಿದರು. ನಾನು ಕೈ ನಿಲ್ಲಿಸಲಿಲ್ಲ, ತಲೆ ಎತ್ತಲೂ ಇಲ್ಲ.

"ಶಾರದೆಯ ಹತ್ತಿರ ಹೋಗಿದ್ದೆ" ಎಂದರು. "ಪೂಜೆಯ ರಶ್ಶು. ಎದುರಿಗೆ ಬಿಡಲಿಲ್ಲ. ಹಗ್ಗದ ಆಚೆಯಿಂದಲೇ ಕೂಗಿ ಹೇಳಿದೆ. ಎಲ್ಲರೂ ತಿರುಗಿ ನೋಡಿದರು."

"ಏನಂತ ಹೇಳಿದಿರಿ ಅತ್ತೆ?"

"ನಾನು ಕೊಟ್ಟ ಮಾತು ನಾನೇ ಹಿಂದೆ ತೆಗೆದುಕೊಳ್ತೇನೆ, ಬಯ್ಯುವುದಿದ್ದರೆ ನನ್ನನ್ನು ಬಯ್ಯಿ ಅಂದೆ. ತೋಳ ನಿನಗೆ ಬೇಡ, ಮಗ ನನಗೆ ಬೇಕು ಅಂದೆ."

ಹೇಳಿ, ಪೂಜೆಗೆಂದು ಉಟ್ಟ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡರು. ಆ ಕಪ್ಪು ನೀರಿನಲ್ಲೇ ಮಗನ ಹಿಂದೆ ಕುಕ್ಕರಗಾಲಿನಲ್ಲಿ ಕೂತು ನನ್ನ ಕಡೆ ಕೈ ಚಾಚಿದರು.

"ಎಣ್ಣೆ ಇತ್ತ ಕೊಡು. ಬೆನ್ನು ನಾನು ತಿಕ್ಕುತ್ತೇನೆ."